ವಾಯರಿಗೆ ಕಟ್ಟಿದ ದಾರ

ಉಪ್ಪಿಟ್ಟಿನ ತಾಟು ಬದಿಗೆ ಸರಿಸಿ ರಾಚಪ್ಪ ಚೀಲದೊಳಗೆ ಕೈ ಹಾಕಿದ. ಹೆಣ್ಣು ನೋಡಲು ಬಂದವರ ಚೀಲದಿಂದ ಹೂವು ಬರುತ್ತದೆ, ಕುಪ್ಪಸದ ಬಟ್ಟೆ ಬರುತ್ತದೆ. ರಾಚಪ್ಪನ ಚೀಲದಿಂದ ಬಂದದ್ದು ಒಂದು ಕರಿ ವಾಯರು.

“ಇದು ಯಾತರದು ಹೇಳವಾ ತಂಗಿ. ಕಂಪ್ಯೂಟರ್ ಇದ್ದ ಮನಿಗೆ ಬರೂ ಸೊಸಿಗೆ ಇಷ್ಟರ ಗೊತ್ತಿರಬೇಕು.”

ಬಾಗಿಲ ಬಳಿ ನಿಂತಿದ್ದ ಹುಡುಗಿಯ ತಾಯಿ ಶಿವಬಸವ್ವ ಸೆರಗನ್ನು ಬಾಯಿಗೆ ಹಿಡಿದಳು. ಮಂದಿಯ ಹೆಣ್ಣುಮಕ್ಕಳಿಗೆ ಒಂದು ಹಾಡು ಹೇಳು, ನಾಲ್ಕು ಹೆಜ್ಜೆ ನಡೆ ಅಂದರೆ ಮುಗಿಯಿತು. ತನ್ನ ಮಗಳಿಗೆ ಮಾತ್ರ ವಾಯರಿನ ಪರೀಕ್ಷೆ. ಆದರೆ ಬಂದವರು ಸಾಮಾನ್ಯರೇ? ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಕಾರ್ಖಾನೆ ಇಟ್ಟವರು. ಈ ೧೯೮೮ರಲ್ಲಿ, ಸುತ್ತಲಿನ ಊರುಗಳಲ್ಲಿ ಇನ್ನೂ ಟಿವಿಯೇ ಅಪರೂಪವಾಗಿರುವಾಗ, ಮುಂಬೈಯಿಂದ ಕಂಪ್ಯೂಟರ್ ತರಿಸಿ ಗಾಜಿನ ಕೋಣೆಯಲ್ಲಿ ಕೂರಿಸಿದವರು.

ಮಗಳು ಬನಶಂಕರಿ ಹುಬ್ಬಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಅದೇ ವಿದ್ಯೆ ಕಲಿತು ಬಂದಿದ್ದಳು. ಹೋದ ತಿಂಗಳು ಆ ಕಾರ್ಖಾನೆಗೆ ಕೆಲಸ ಕೇಳಲು ಹೋದಾಗ, “ನಾವು ಹೆಣ್ಣುಮಕ್ಕಳ್ನ ಕೆಲಸಕ್ಕ ತಗೊಳ್ಳೂದಿಲ್ಲ” ಎಂದು ಇದೇ ರಾಚಪ್ಪ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ್ದ. ಮಗಳು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಈಗ ಅವನೇ ಹೆಂಡತಿ ಮಗನೊಂದಿಗೆ ಗುಡೂರಿನ ತಮ್ಮ ಮನೆಗೆ ಬಂದು ಕೂತಿದ್ದಾನೆ. ಕೆಲಸ ಹೋದರೆ ಹೋಗಲಿ, ಸಂಬಂಧ ಕೂಡಿ ಬಂತಲ್ಲ ಎಂದು ಶಿವಬಸವ್ವ ಬಾದಾಮಿಯ ತಾಯಿಗೆ ಹರಕೆ ಹೊತ್ತಿದ್ದಳು.

“ಕರೆಂಟಿಂದ್ರಿ ಅದು,” ಬನಶಂಕರಿ ಹೇಳಿದಳು. “ಈ ಬಾಯಿ ಕಂಪ್ಯೂಟರ್ ಡಬ್ಬಿ ಹಿಂದ, ಆ ಬಾಯಿ ಗ್ವಾಡಿ ಪ್ಲಗ್ಗಿಗೆ.”

ರಾಚಪ್ಪನ ಹೆಂಡತಿ ಇಂದ್ರಾಬಾಯಿ ಎಲೆಯಡಿಕೆ ಸಂಚಿಯಿಂದ ಕೆಂಪು ರೇಶ್ಮೆ ದಾರ ತೆಗೆದು ಆ ವಾಯರಿಗೆ ಕಟ್ಟಿದಳು. ಶಿವಬಸವ್ವನ ಕಣ್ಣು ತುಂಬಿ ಬಂತು. ವಾಯರಿಗೂ ಕಂಕಣ ಕಟ್ಟುವ ಮನೆತನ, ಇನ್ನು ಸೊಸೆಯನ್ನು ಹೇಗೆ ನೋಡಿಕೊಂಡಾರು!

ಬನಶಂಕರಿ ಮಾತ್ರ ಆ ಗಂಟನ್ನೇ ನೋಡಿದಳು.

“ಇದು?” ಈ ಸಲ ಬಂದದ್ದು ಅಗಲ ಬಾಯಿಯದು. ಒಳಗೆ ಎರಡು ಸಾಲು ಸೂಜಿಯಂಥ ಕಡ್ಡಿಗಳು.

“ಟಿವಿ ಹಂತಾ ಪರದೆ ಇರತೈತಲ್ರಿ, ಅದಕ್ಕ.”

ಹಸಿರು ದಾರ ಬಿತ್ತು.

“ಈ ಸಣ್ಣ ಬಾಯಿಂದು?”

“ಪ್ರಿಂಟರಿಗೆ.”

ಹಳದಿ ದಾರ. ಆಮೇಲೆ ಹುಡುಗಿ ತಡವರಿಸಲೇ ಇಲ್ಲ. ಚೀಲ ಖಾಲಿಯಾಗುವವರೆಗೆ ಪಟಪಟ ಹೇಳಿದಳು. ವರ ಅಮಾತೆಪ್ಪನ ಕಣ್ಣು ಗಂಟುಗಳ ಮೇಲೇ ಇತ್ತು, ಹುಡುಗಿಯ ಕಡೆ ಒಮ್ಮೆಯೂ ಹೊರಳಲಿಲ್ಲ. ಎಂಥ ಮರ್ಯಾದಸ್ಥ ಹುಡುಗ ಎಂದುಕೊಂಡಳು ಶಿವಬಸವ್ವ.

“ತಿಳಸ್ತೇವಿ,” ಎಂದು ಅವರು ಎದ್ದು ಹೋದರು.

ತಿಳಿಸಿದ್ದು ಪಕ್ಕದ ಮನೆಯ ದೌಲತಬಿ. ನೇಯ್ದ ಸೀರೆ ಕೊಡಲು ಇಳಕಲ್ಲಿಗೆ ಹೋಗಿದ್ದವಳು ಸುದ್ದಿ ಹೊತ್ತು ಬಂದಳು.

“ಆ ಹುಡುಗಗ ಬಾಗಲಕೋಟಿ ಹೆಣ್ಣ ಗೊತ್ತ ಮಾಡಿ ಭಾಳ ದಿನಾ ಆತಂತ ಶಿವಬಸವ್ವಾ. ಸೋಮವಾರ ಸ್ವಾಮಿಗೋಳ ಕೈಲೆ ಆ ಮಷೀನಿನ ಪೂಜಾ. ಜೋಡಸಾಕ ಮುಂಬೈದವ್ರನ್ನ ಕರಸಿದ್ರ ಖರ್ಚಂತ ನಿಮ್ಮ ಮನಿಗೆ ಬಂದು ಪುಕ್ಕಟೆ ಕೇಳ್ಕೊಂಡು ಹ್ವಾದ್ರು.”

ಶಿವಬಸವ್ವ ಅತ್ತಳು. ಉಪ್ಪಿಟ್ಟು ತಿಂದ ಬಾಯಿಗೆ ಹುಳ ಬೀಳಲಿ ಎಂದು ಶಪಿಸಿದಳು. ಇಡೀ ಓಣಿಯ ಮುಂದೆ ಮಗಳ ಮಾನ ಹೋಯಿತಲ್ಲ ಎಂಬ ಸಂಕಟ ಅವಳಿಗೆ. ಮಗಳು ಮಾತ್ರ ಜೋಳ ಹಸನು ಮಾಡುತ್ತಲೇ ಕೇಳಿದಳು: “ಯವ್ವಾ, ಮನ್ಯಾಗ ರವಾ ಉಳದೈತಿಲ್ಲೊ?”

ಸೋಮವಾರ ಮಧ್ಯಾಹ್ನ ಬಾಗಿಲ ಮುಂದೆ ಜೀಪು ನಿಂತಿತು. ಇಳಿದ ರಾಚಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

“ಸ್ವಾಮಿಗೋಳು ಬಂದು ಕುಂತಾರವಾ. ಡಬ್ಬಿ ಗುಂಯ್ ಅಂತೈತಿ, ದೀಪಾ ಹತ್ತೇತಿ. ಪರದೆ ಮಾತ್ರ ಕರ್ರಗ ಐತಿ. ನೀ ಪರದೇದು ಅಂದಿದ್ದೆಲ್ಲಾ, ಆ ಹಸರ ದಾರದ್ದು ಒಳಗ ಹೋಗವಲ್ದು. ಅಮಾತೆಪ್ಪ ಸುತ್ತಿಗಿಲೆ ಎರಡು ಬಡದಾನ, ಕಡ್ಡಿ ಮಣದಾವ.”

ಕಲ್ಲು ಸೀಳಿ ಮೇಲೆ ಬಂದ ಮನೆತನ. ಒಳಗೆ ಹೋಗದ್ದನ್ನು ಬಡಿಯಬೇಕು ಎಂಬುದಷ್ಟೇ ಅವರ ವಿದ್ಯೆ.

“ಏನಂತ ಬರ್ಲಿರಿ ನಾ? ಸೊಸಿ ಅಂತೋ, ಕೆಲಸದಾಕಿ ಅಂತೋ?” ಬನಶಂಕರಿ ಕೇಳಿದಳು.

ರಾಚಪ್ಪ ನೆಲ ನೋಡಿದ. “ಕೆಲಸ ನಿಂದ ಆತು, ಬಾರವಾ.”

“ಅದನ್ನ ಸ್ವಾಮಿಗೋಳ ಮುಂದ ಹೇಳ್ರಿ. ಉಪ್ಪಿಟ್ಟ ತಿನ್ನಕೋತ ಕೂಡ್ರಿ, ಸೀರಿ ಬದಲಿ ಮಾಡಿ ಬರ್ತೇನಿ.”

ಒಳಗೆ ಶಿವಬಸವ್ವ ಮಗಳ ರಟ್ಟೆ ಹಿಡಿದಳು. “ಅಂವಾ ಹಾಳಾಗಿ ಹೋಗ್ಲಿ. ನೀ ಯಾಕ ತಪ್ಪ ಹೇಳಿದಿ? ಹುಬ್ಬಳ್ಯಾಗ ಇದನ್ನ ಕಲತೇನ?”

“ಮೊದಲಿಂದು ಖರೇನ ಹೇಳಿದ್ದೆ ಬೇ. ಆಮ್ಯಾಲ ದಾರಾ ಕಟ್ಟೂದು ನೋಡಿ ಪರದೇದು, ಪ್ರಿಂಟರಿಂದು ಅದಲ ಬದಲ ಹೇಳಿದೆ. ಎಲ್ಲಾ ಗೊತ್ತಿದ್ದ ಸೊಸೀನ ಮನಿಗೆ ತರಾವ್ರು ವಾಯರಿಗೆ ಗುರುತ ಯಾಕ ಕಟ್ತಾರ?”