ಮರಿಹಕ್ಕಿಯ ಅಳತೆ

ಒಂದು ಊರಲ್ಲಿ ಒಬ್ಬಳು ಹುಡುಗಿ ಇದ್ದಳಂತೆ. ಅವಳು ಬೆಳೆಯುತ್ತಲೇ ಇರಲಿಲ್ಲವಂತೆ. ಬೆಳೆಯದೇ ಇದ್ದದ್ದಕ್ಕೇ ಅವಳಿಗೆ ರೆಕ್ಕೆ ಕೊಟ್ಟರಂತೆ. ಅಜ್ಜಿಯ ಬಾಯಲ್ಲಿ ಕೇಳಿದ್ದರೆ ಇಂಥ ಕಥೆಗೆ ಹೊಲಿಗೆಯಕ್ಕ ಹೂಂಗುಟ್ಟುತ್ತಾ ನಿದ್ದೆ ಹೋಗುತ್ತಿದ್ದಳು. ಈಗ ಅದನ್ನೇ ಕಣ್ಣಾರೆ ಕಂಡು ಅವಳ ಮೈ ತಣ್ಣಗಾಗಿತ್ತು.

ಪರದೆಯ ಸಂದಿಯಲ್ಲಿ ಅವಳು ನೋಡಿದ್ದು ಇಷ್ಟು. ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ ಗುಬ್ಬಿ ಎಂಬ ಪುಟ್ಟ ಹುಡುಗಿಯ ತಾಯಿ ಮಗಳ ಲಂಗ ಸರಿಸಿ ತೊಡೆಗೆ ಸೂಜಿ ಚುಚ್ಚಿದಳು. ಮಗು ತುಟಿ ಕಚ್ಚಿಕೊಂಡಿತು. ತಾಯಿ ಔಷಧಿಯನ್ನು ಮಂಜುಗಡ್ಡೆಯ ಡಬ್ಬಿಗೆ ಸೇರಿಸಿ, ಡಬ್ಬಿಯನ್ನು ಕೈಚೀಲದ ತಳಕ್ಕೆ ತುರುಕಿದಳು. ಆಮೇಲೆ ಮಗಳನ್ನು ಗೋಡೆಗೆ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು ಅದುಮಿ, ಪೆನ್ಸಿಲಿನಲ್ಲಿ ಗೀಟು ಹಾಕಿದಳು. ಗೀಟನ್ನೇ ದಿಟ್ಟಿಸಿದಳು. ಬೆರಳಿನಿಂದ ಉಜ್ಜಿ ಅಳಿಸಿದಳು.

ಹೊಲಿಗೆಯಕ್ಕ ಆ ಬ್ಯಾಲೆ ಶಾಲೆಯ ಉಡುಪುಗಳನ್ನು ನೋಡಿಕೊಳ್ಳುವವಳು. ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನದಲ್ಲಿ ಮರಿಹಕ್ಕಿಯದೇ ದೊಡ್ಡ ಪಾತ್ರ. ರಂಗದ ನಡುವೆ ಅದೊಂದೇ ಕುಣಿಯಬೇಕು. ಅದರ ಉಡುಪು ಇದ್ದದ್ದೂ ಒಂದೇ. ಬಲೆಬಟ್ಟೆಗೆ ಒಂದೊಂದೇ ಗರಿ ಕೂರಿಸಿ ಹೊಲಿದದ್ದು, ಹೊಲಿಗೆ ಬಿಚ್ಚಿದರೆ ಗರಿಯೆಲ್ಲ ಉದುರುತ್ತದೆ. ಹಾಗಾಗಿ ಅಲ್ಲಿ ಮಗುವಿಗೆ ಉಡುಪು ಹೊಲಿಯುತ್ತಿರಲಿಲ್ಲ, ಉಡುಪಿಗೆ ಮಗುವನ್ನು ಹುಡುಕುತ್ತಿದ್ದರು. ಬಾಗಿಲ ಚೌಕಟ್ಟಿನ ಮೇಲೆ ಕೆಂಪು ಗೆರೆಯಿತ್ತು. ತಲೆ ಗೆರೆಯ ಕೆಳಗಿದ್ದರೆ ಮರಿಹಕ್ಕಿ. ಮೇಲಕ್ಕೆ ಹೋದರೆ ಹಿಂದಿನ ಸಾಲಿನಲ್ಲಿ ಮೋಡ.

ಉಳಿದವರೆಲ್ಲ ಒಂದು ವರ್ಷ ಹಕ್ಕಿ, ಮರುವರ್ಷ ಮೋಡ. ಗುಬ್ಬಿ ಮಾತ್ರ ಸತತ ಮೂರನೆಯ ವರ್ಷ ಹಕ್ಕಿ. ಅವಳ ಜೊತೆಗೆ ಸೇರಿದ ಹುಡುಗಿಯರು ಈಗ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಆಟವಾಡಿಸುವಷ್ಟು ಎತ್ತರವಾಗಿದ್ದರು.

"ನಿಮ್ಮ ಮಗಳಿಗೆ ಅದೇನು ಹಾಕ್ತೀರೋ ನಮಗೂ ಹೇಳ್ಕೊಡ್ರೀ," ಎಂದು ಒಬ್ಬ ಹುಡುಗಿಯ ತಾಯಿ ಮೊನ್ನೆ ರೇಗಿಸಿದ್ದಳು. "ನಮ್ಮೋಳು ಬಳ್ಳಿ ಥರ ಹಬ್ತಿದಾಳೆ, ಮೋಡದ ಬಟ್ಟೇನೂ ಸಾಲಲ್ಲ."

ಎಲ್ಲರೂ ನಕ್ಕಿದ್ದರು. ಗುಬ್ಬಿಯ ತಾಯಿಯ ಮುಖ ಮಾತ್ರ ಸುಣ್ಣ ಬಳಿದಂತಾಗಿತ್ತು. ಅದೇಕೆಂದು ಹೊಲಿಗೆಯಕ್ಕನಿಗೆ ಆಗ ಹೊಳೆದಿರಲಿಲ್ಲ. ಈಗ ಹೊಳೆದು ಹೆದರಿಕೆಯಾಯಿತು.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ತಾನು ಕೊಟ್ಟ ಮಾತು. ತಾಲೀಮು ಶುರುವಾದ ದಿನ ಆ ತಾಯಿ ಅವಳ ಕೈ ಹಿಡಿದುಕೊಂಡಿದ್ದಳು. "ಅಕ್ಕಾ, ನಾನು ಅಳೆದ್ರೆ ನನ್ನ ಕಣ್ಣೇ ನನಗೆ ಮೋಸ ಮಾಡುತ್ತೆ. ವಾರವಾರ ನೀವೇ ಅಳೀರಿ. ಇವಳು ಗೆರೆ ದಾಟಿದ ದಿನ ಮೊದಲು ನನಗೆ ಹೇಳಿ. ಟೀಚರ್‌ಗೆ ಆಮೇಲೆ." ಪಾತ್ರ ಕೈತಪ್ಪೀತೆಂಬ ಚಿಂತೆ, ಪಾಪ, ಎಂದುಕೊಂಡು ಹೊಲಿಗೆಯಕ್ಕ ಒಪ್ಪಿಬಿಟ್ಟಿದ್ದಳು.

ಮರುದಿನ ಕಾಲುಚೀಲ ಏರಿಸುವ ನೆಪದಲ್ಲಿ ಅವಳು ಗುಬ್ಬಿಯ ತೊಡೆಯ ಚುಕ್ಕೆಗಳನ್ನು ಮುಟ್ಟಿ, ಇದೇನು ಪುಟ್ಟಾ ಎಂದು ಕೇಳಿದಳು.

"ಅದು ಗುಟ್ಟು ಅಕ್ಕಾ. ಗೊತ್ತಾದ್ರೆ ಎಲ್ರೂ ಆಡ್ಕೋತಾರಂತೆ," ಎಂದಳು ಗುಬ್ಬಿ. ಯಾವಾಗಿನಿಂದ ಎಂದು ಕೇಳಿದ್ದಕ್ಕೆ ಈ ಸಲದ ರಜೆಯಿಂದ ಎಂದಳು. ಹಾಗಾದರೆ ಅದಕ್ಕೆ ಮೊದಲು ಬೆಳೆಯದಂತೆ ಏನು ಕುಡಿಸುತ್ತಿದ್ದಳೋ ಮಹಾತಾಯಿ ಎಂದುಕೊಳ್ಳುತ್ತಾ ಹೊಲಿಗೆಯಕ್ಕ ಕಾಲುಚೀಲ ಮೇಲೆಳೆದಳು.

ಟೀಚರ್ ಹತ್ತಿರ ಮಾತು ತೆಗೆದಳು. ಮೂರು ವರ್ಷಕ್ಕೂ ಒಂದೇ ಉಡುಪು ಹಿಡಿಸುವುದು ವಿಚಿತ್ರವಲ್ಲವೇ ಎಂದಳು. ಟೀಚರ್ ತಾಳ ಹಾಕುವುದನ್ನು ನಿಲ್ಲಿಸಲೂ ಇಲ್ಲ. ಹಿಡಿಸುತ್ತಲ್ಲ, ಅದೇ ನಮ್ಮ ಪುಣ್ಯ, ಹೊಸ ಹಕ್ಕಿಗೆ ಕಲಿಸಲು ಕೂತರೆ ನನ್ನ ಜೀವ ಹೋಗುತ್ತದೆ ಎಂದುಬಿಟ್ಟಳು. ಹೊಲಿಗೆಯಕ್ಕ ಸೂಜಿಯ ಮಾತೆತ್ತದೆ ಉಡುಪಿನ ಕೋಣೆಗೆ ವಾಪಸು ಬಂದಳು.

ಆ ವಾರದ ಅಳತೆಗೆ ಉಡುಪು ತೊಡಿಸಿದಾಗ ಬೆನ್ನಿನ ಕೊನೆಯ ಹುಕ್ಕು ಎಷ್ಟೆಳೆದರೂ ಕೂಡಲಿಲ್ಲ. ಹೊಲಿಗೆಯಕ್ಕನ ಕೈ ನಿಂತಿತು. ಗುಬ್ಬಿಯನ್ನು ಚೌಕಟ್ಟಿಗೆ ನಿಲ್ಲಿಸಿದಳು. ತಲೆಯ ಮೇಲೆ ಅಂಗೈ ಇಟ್ಟಳು. ಅಂಗೈ ಕೆಂಪು ಗೆರೆಗಿಂತ ಮೇಲೆ ಹೋಗಿ ತಾಗಿತು.

ಹೇಳಿದರೆ ಆ ಹೆಂಗಸು ಇನ್ನೊಂದು ಸೂಜಿ ಚುಚ್ಚುತ್ತಾಳೆ. ಹೊಲಿಗೆಯಕ್ಕ ಹುಕ್ಕನ್ನು ಹಾಗೇ ಬಿಟ್ಟು, ಮೇಲೆ ಗರಿ ಮುಚ್ಚಿ ಪಿನ್ನು ಹಾಕಿದಳು. ಹೊರಗೆ ಕಾದಿದ್ದ ತಾಯಿಗೆ, ಇನ್ನೂ ಕೆಳಗೇ ಇದ್ದಾಳೆ ಎಂದು ಸುಳ್ಳು ಹೇಳಿದಳು. ತಾಯಿ ಮೊಗಸಾಲೆಯ ಕೊನೆಗೆ ಹೋಗಿ ಗೋಡೆಗೆ ಮುಖ ಮಾಡಿ ಬಿಕ್ಕಿದಳು. ನೆಮ್ಮದಿಗೂ ಜನ ಅಳುತ್ತಾರೆ ಎಂದುಕೊಂಡಳು ಹೊಲಿಗೆಯಕ್ಕ.

ಆದರೆ ಪಾತ್ರ ಖಾಯಂ ಮಾಡುವ ದಿನ ಬಂದೇ ಬಂತು. ಅಂದು ಅಳೆಯುವವಳು ಟೀಚರ್. ಇನ್ನು ಮುಚ್ಚಿಡುವಂತಿರಲಿಲ್ಲ.

ಹೊಲಿಗೆಯಕ್ಕ ತಾಯಿ ಮಗಳಿಬ್ಬರನ್ನೂ ಉಡುಪಿನ ಕೋಣೆಗೆ ಕರೆದಳು. ಮೊದಲು ಆ ಕೈಚೀಲವನ್ನು ತೆಗೆದುಕೊಂಡು ಬೀರುವಿನ ಮೇಲಿಟ್ಟಳು. ಗುಬ್ಬಿಯನ್ನು ತನ್ನ ಬೆನ್ನ ಹಿಂದೆ ಸರಿಸಿಕೊಂಡಳು.

"ದಾಟಿದ್ದಾಳೆ," ಎಂದಳು. "ಹೋದ ವಾರವೇ ದಾಟಿದ್ಲು. ನಾನೇ ಸುಳ್ಳು ಹೇಳ್ದೆ. ನೋಡಮ್ಮಾ, ಇವಳಿಗೆ ಇನ್ನೊಂದು ಸೂಜಿ ಚುಚ್ಚಿದ್ರೆ ನಾನು ಸುಮ್ಮನಿರಲ್ಲ."

ತಾಯಿ ಅವಳನ್ನು ಪಕ್ಕಕ್ಕೆ ತಳ್ಳಿದಳು. ಮಗಳನ್ನು ಎಳೆದು ಚೌಕಟ್ಟಿಗೆ ನಿಲ್ಲಿಸಿದಳು. ಕೂದಲನ್ನು ಒತ್ತಿ, ಗೆರೆಯನ್ನು ಬೆರಳಿನಿಂದ ತಡವಿದಳು. ಮತ್ತೆ ಒತ್ತಿದಳು, ಮತ್ತೆ ತಡವಿದಳು. ಹೊಲಿಗೆಯಕ್ಕ ಕೂಗಲೆಂದು ಬಾಯಿ ತೆರೆದಳು.

ಅಷ್ಟರಲ್ಲಿ ತಾಯಿ ಕುಸಿದು ಕೂತು, ಮಗಳ ಎರಡೂ ಕಾಲುಗಳನ್ನು ತಬ್ಬಿಕೊಂಡು ಅಳುತ್ತಾ ನಗತೊಡಗಿದ್ದಳು: "ಮೂರು ವರ್ಷದಿಂದ ಒಂದು ಬೆರಳಷ್ಟೂ ಬೆಳೆದಿರ್ಲಿಲ್ಲ ಅಕ್ಕಾ ಇವಳು, ಬೆಳೀಲಿ ಅಂತಲೇ ಡಾಕ್ಟ್ರು ಆ ಸೂಜಿ ಕೊಟ್ಟಿದ್ದು. ಇನ್ನೊಂದ್ಸಲ ಹೇಳಿ, ದಾಟಿದ್ದಾಳೆ ಅಂತ."