ನಾಲ್ವರ ಒಪ್ಪಿಗೆ

ಜಿಪಾರ್ ಹಿಟ್ಟು ನಾದುವುದನ್ನು ನಿಲ್ಲಿಸಿ ಬೂರುಲಳ ಕೈಗಳನ್ನೇ ದಿಟ್ಟಿಸುತ್ತಿದ್ದಳು. ಬೂರುಲ್ ತಲೆ ಎತ್ತಲಿಲ್ಲ. ಕುಂಬಳಕಾಯಿ ಹೆಚ್ಚುತ್ತಲೇ ಇದ್ದಳು. ಹೋಳುಗಳು ಒಂದೊಂದು ಒಂದೊಂದು ಅಳತೆಗೆ ಬೀಳುತ್ತಿದ್ದವು.

"ನಿನ್ನೆ ಬಾಗಿಲಲ್ಲೇ ಗುರುತು ಹಿಡಿದೆ ನಿನ್ನ," ಎಂದಳು ಜಿಪಾರ್. "ಮೂರನೇ ವಾರ್ಡು."

"ನಾನೂ ಹಿಡಿದೆ."

ಬಿಷ್ಕೆಕ್ಕಿನಲ್ಲಿ ತನಗಿಂತ ಹತ್ತು ವರ್ಷ ದೊಡ್ಡವಳನ್ನು ಯಾರೂ 'ಎಜೆ' ಎಂದು ಅಕ್ಕನ ಲೆಕ್ಕದಲ್ಲಿ ಕರೆಯದೆ ಮಾತಾಡುವುದಿಲ್ಲ. ಜಿಪಾರ್ ಕರೆಯಲಿಲ್ಲ.

ಅಂದು ಬೂರುಲಳಿಗೆ ಆ ಮನೆಯಲ್ಲಿ ಹದಿನಾಲ್ಕನೆಯ ದಿನ, ಪರೀಕ್ಷೆಯ ಕೊನೆಯ ದಿನ. ಊರಂಚಿನ ಆ ಮನೆ, ಮನಸ್ಸಿನ ಕಾಯಿಲೆಯವರು ಆಸ್ಪತ್ರೆಯ ಗೋಡೆಯಾಚೆ ನಾಲ್ಕು ಜನರಂತೆ ಬದುಕಲೆಂದು ಆದದ್ದು. ಮೂಲೆಯ ಕೋಣೆಯೊಂದು ಖಾಲಿ ಇತ್ತು. ಮಧ್ಯಾಹ್ನದ ಊಟವಾದ ಮೇಲೆ ಮನೆಯಲ್ಲಿರುವ ನಾಲ್ವರೂ ಒಪ್ಪಿದರೆ ಆ ಕೋಣೆ ಅವಳದು. ಒಬ್ಬರು ಬೇಡವೆಂದರೂ ಗಂಟು ಕಟ್ಟಬೇಕು. ಅವಳಿಗಿಂತ ಮೊದಲು ಬಂದ ಐವರು ಗಂಟು ಕಟ್ಟಿದ್ದರು.

ಹೋಗುವುದಾದರೂ ಎಲ್ಲಿಗೆ? ಎಂಟು ವರ್ಷ ಮೂರನೇ ವಾರ್ಡಿನಲ್ಲಿ ಕಳೆದವಳು. ಹೋದ ಬೇಸಿಗೆಯಲ್ಲಿ ಆ ವಾರ್ಡನ್ನು ಮುಚ್ಚಿ, ಕೈಗೊಂದು ಕಾಗದ ಕೊಟ್ಟು ಗೇಟಿನಾಚೆ ಬಿಟ್ಟಿದ್ದರು. ತಮ್ಮನ ಮನೆಯಲ್ಲಿ ಮೂರು ತಿಂಗಳು ನಡುಮನೆಯಲ್ಲಿ ಮಲಗಿದಳು. "ನಿದ್ದೇಲಿ ಕಿರುಚ್ಕೋತೀಯ, ಮಕ್ಕಳು ಹೆದರ್ತಾವೆ," ಎಂದಿದ್ದಳು ತಮ್ಮನ ಹೆಂಡತಿ. ತಮ್ಮ ಮುಖ ತಿರುಗಿಸಿಕೊಂಡ. ಅದೇ ಹೆಚ್ಚು ನೋಯಿಸಿತ್ತು.

ಇಲ್ಲಿಯೂ ಅವಳು ಎಡವದೆ ಇರಲಿಲ್ಲ. ಮೊದಲನೆಯ ದಿನವೇ, "ಚಾಕುಗಳಿಗೆ ಎಲ್ಲಿ ಬೀಗ ಹಾಕಿಟ್ಟಿದ್ದೀರಿ?" ಎಂದು ಕೇಳಿಬಿಟ್ಟಳು. ಮನೆಯ ಹಿರಿಯರಾದ, ಎಲ್ಲರೂ ಅಣ್ಣನ ಲೆಕ್ಕದಲ್ಲಿ 'ಬೈಕೆ' ಎನ್ನುವ ಸಪಾರ್ ಬೈಕೆ ಕನ್ನಡಕದ ಮೇಲಿಂದ ನೋಡಿದರು. ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮನುಷ್ಯ. ಈಗಲೂ ಇಸ್ತ್ರಿ ಮಾಡಿದ ಅಂಗಿಯೇ ಬೇಕು. "ಈರುಳ್ಳಿಗೆ ಬೀಗ ಹಾಕ್ತಾರೇನಮ್ಮ? ಚಾಕು ಈರುಳ್ಳಿ ಪಕ್ಕದಲ್ಲಿದೆ." ಊಟವಾದ ಮೇಲೆ ಅವಳ ಬೆರಳುಗಳು ತಾವಾಗಿ ಚಮಚ ಎಣಿಸುತ್ತಿದ್ದವು. ಬೆಳಿಗ್ಗೆ ಆರಕ್ಕೆ, ಗಂಟೆ ಬಾರಿಸದಿದ್ದರೂ, ಎದ್ದು ಹಾಸಿಗೆಯ ಪಕ್ಕ ನೆಟ್ಟಗೆ ನಿಂತಿರುತ್ತಿದ್ದಳು. ಸಪಾರ್ ಬೈಕೆ ಎಲ್ಲವನ್ನೂ ಗಮನಿಸುತ್ತಿದ್ದರು.

ಆದರೂ ದಿನಗಳು ಒಂದು ಹದಕ್ಕೆ ಬಂದಿದ್ದವು. ಅಷ್ಟರಲ್ಲಿ ಎರಡು ವಾರ ನಾರಿನ್ ಊರಿನಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದ ಜಿಪಾರ್ ನಿನ್ನೆ ಸಂಜೆ ವಾಪಸ್ಸು ಬಂದಳು.

"ಅಲ್ಲಿ ಕಿಟಕಿ ಪಕ್ಕದ ಮಂಚ ನಂದು," ಎಂದಳು ಜಿಪಾರ್ ಈಗ. ಹಿಟ್ಟು ಮೆತ್ತಿದ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ಸುತ್ತ ಮಾಸಿದ ಗೆರೆಯೊಂದಿತ್ತು. "ನೆನಪಿದೆಯಾ?"

"ಇದೆ."

"ಎಲ್ಲಾ?"

ಚಾಕು ನಿಂತಿತು. "ಎಲ್ಲಾ."

"ಇವರಿಗೆ ಹೇಳಿದ್ದೀಯಾ?"

"ಎಂಟು ವರ್ಷ ಅಲ್ಲಿದ್ದೆ ಅಂತ ಹೇಳಿದ್ದೀನಿ."

"ಅಷ್ಟೇನಾ?" ಜಿಪಾರ್ ಮತ್ತೆ ಹಿಟ್ಟಿಗೆ ಕೈ ಹಾಕಿದಳು. "ಸರಿ. ಊಟಕ್ಕೆ ಕೂತಾಗ ನೋಡೋಣ."

ಊಟಕ್ಕೆ ಮಂತಿ. ಹಬೆಯಲ್ಲಿ ಬೆಂದ ಕಡುಬುಗಳನ್ನು ಬೂರುಲ್ ತಟ್ಟೆಗೆ ಇಳಿಸಿದಳು. ಅಡುಗೆಮನೆಯನ್ನು ಆಳುವ, ಎಲ್ಲರೂ ಗೌರವದಿಂದ ಅಮ್ಮನೆಂಬಂತೆ 'ಅಪಾ' ಎನ್ನುವ ತುರ್ಸುನ್ ಅಪಾ ಎಲ್ಲರ ಬಟ್ಟಲಿಗೂ ಅರ್ಧರ್ಧ ಚಹಾ ಬಗ್ಗಿಸಿದರು. ಬೂರುಲ್ ತನ್ನ ಬಟ್ಟಲನ್ನೇ ನೋಡಿದಳು. ತುಂಬ ಬಗ್ಗಿಸಿದ್ದರೆ ಹೊರಡು ಎಂದರ್ಥ. ಅರ್ಧವೇ ಇತ್ತು.

"ಶುರು ಮಾಡೋಣ," ಎಂದರು ಸಪಾರ್ ಬೈಕೆ. "ನನ್ನದು ಹೂಂ. ಅಪಾ?"

"ಇರಲಿ ಬಿಡು. ಹೋದ ಸಲ ಬಂದಿದ್ದವಳ ಮಂತಿ ನಾವು ಬಾಯಿ ಬಿಡೋ ಮೊದಲೇ ಬಾಯಿ ಬಿಡ್ತಿತ್ತು."

ಎಮಿಲ್ ನಕ್ಕ. ಮೂವತ್ತರ ಪ್ರಾಯದವನು, ದಿನದಲ್ಲಿ ಅರ್ಧ ಹೊತ್ತು ಕೋಣೆಯಿಂದ ಹೊರಬರದವನು. "ಮೂರನೇ ದಿನ ಬಾಗಿಲು ತಟ್ಟದೆ ಒಳಗೆ ನುಗ್ಗಿದ್ರು. ಈಗ ತಟ್ತಾರೆ. ಬೇಡ ಅಂದ್ರೆ ವಾಪಸ್ ಹೋಗ್ತಾರೆ. ನಂದೂ ಹೂಂ."

ಎಲ್ಲರೂ ಜಿಪಾರಳತ್ತ ತಿರುಗಿದರು. ಅವಳು ಬಾಯಿ ತೆರೆಯುವ ಮೊದಲೇ ಬೂರುಲ್ ಎದ್ದು ನಿಂತಳು.

"ಅವಳಿಗಿಂತ ಮೊದಲು ನಾನು ಹೇಳ್ಬೇಕು. ಮೂರು ಚಳಿಗಾಲದ ಹಿಂದೆ ಅವಳ ಕೈ ಮಂಚಕ್ಕೆ ಕಟ್ಟಿತ್ತು. ನೀರು ಕೇಳಿದಳು. ಬೆಳಗಾಗೋವರೆಗೂ ಕೇಳಿದಳು. ನಂಗೆ ಕೇಳಿಸ್ತಿತ್ತು. ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಏಳಲಿಲ್ಲ."

"ಯಾಕೆ?" ಎಂದರು ಸಪಾರ್ ಬೈಕೆ.

"ದೊಡ್ಡ ಡಾಕ್ಟರು ಬಯ್ತಾರೆ ಅಂತ ಹೆದರಿದ್ದೆ." ಅವಳು ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು, ಒದ್ದೆಯಿಲ್ಲದಿದ್ದರೂ. "ಈಗ ನಿದ್ದೇಲಿ ನಾನು ಕಿರುಚೋದು ಅದನ್ನೇ. ನೀರು, ನೀರು ಅಂತ."

ಜಿಪಾರ್ ಮಣಿಕಟ್ಟಿನ ಗೆರೆಯನ್ನು ಉಜ್ಜಿಕೊಂಡಳು. ಹೊರಗೆ ಯಾರದೋ ಗಾಡಿ ಕಲ್ಲಿದ್ದಲು ಸುರಿದು ಹೋಯಿತು.

"ನಾನು ಆಮೇಲೆ ಎಲ್ಲರನ್ನೂ ಕೇಳಿದೆ," ಎಂದಳು ಕೊನೆಗೆ. "ಹಾಗೇನೂ ಆಗಲೇ ಇಲ್ಲ ಅಂದ್ರು. ಅದೂ ನಿನ್ನ ತಲೆಯೊಳಗಿನ ಮಾತೇ ಅಂದ್ರು. ಮೂರು ವರ್ಷ ನಾನೂ ಹಾಗೇ ನಂಬಿದ್ದೆ. ಅದು ನಿಜ ಅಂತ ಹೇಳಿದವರು ಇವರೊಬ್ಬರೇ." ತಟ್ಟೆಯನ್ನು ಬೂರುಲಳತ್ತ ತಳ್ಳಿದಳು. "ಕೂತ್ಕೊಳ್ಳಿ, ಬೂರುಲ್ ಎಜೆ. ಮಂತಿ ಆರಿಹೋಗುತ್ತೆ. ನಂದೂ ಹೂಂ."

ಬೂರುಲ್ ಕೂತಳು. ಮಂತಿಯೊಂದನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

ಸಪಾರ್ ಬೈಕೆ ಎದ್ದು ಹೋಗಿ ಆ ಮನೆ ನಡೆಸುವ ಕಚೇರಿಗೆ ಫೋನ್ ಮಾಡಿದರು. "ನಾನು ಸಪಾರ್... ಹೂಂ, ಬೆಳಗಿನ ಗುಳಿಗೆ ತಗೊಂಡೆ, ಇವತ್ತು ಧ್ವನಿಗಳೇನೂ ಕೇಳಿಸ್ತಿಲ್ಲ. ಅದಕ್ಕಲ್ಲ ಮಾಡಿದ್ದು. ನೀವು ಕಳಿಸಿದ ನರ್ಸಮ್ಮನ್ನ ನಾವು ನಾಲ್ಕೂ ಜನ ರೋಗಿಗಳು ಕೆಲಸಕ್ಕೆ ಇಟ್ಕೊಂಡಿದ್ದೀವಿ."