ಯಜಮಾನರ ಹೆಸರಿಗೆ

ಕರೆಂಟು ಹೋದಾಗ ಗಂಡನ ಆಕ್ಸಿಜನ್ ಯಂತ್ರ ನಿಲ್ಲಬಾರದೆಂದು ಕಸ್ತೂರೆವ್ವ ಅಂಗಡಿಯಲ್ಲಿ ಬಹಳ ಯೋಚಿಸಿದ್ದಳು. ಬ್ಯಾಟರಿ ಪೆಟ್ಟಿಗೆ ಎರಡೇ ತಾಸು ಬರುತ್ತಿತ್ತು. ಮನುಷ್ಯರ ಮೈಬಿಸಿಯಿಂದ ನಡೆಯುವ ಪೆಟ್ಟಿಗೆ ಜೀವ ಇರುವತನಕ ಬರುತ್ತಿತ್ತು. ಅದನ್ನೇ ತಂದಳು.

ಮಧ್ಯಾಹ್ನ ಕರೆಂಟು ಹೋಯಿತು. ಯಂತ್ರ ನಿಲ್ಲಲಿಲ್ಲ. ಪೆಟ್ಟಿಗೆ ತನ್ನ ಮೈಬಿಸಿ ಎಳೆದು ಚಳಿ ಹತ್ತುತ್ತದೆಂದು ಅವಳು ಶಾಲು ಹೊದ್ದು ಕಾದಳು, ಹತ್ತಲಿಲ್ಲ. ಗಂಡನ ಕೈ ಮುಟ್ಟಿದರೆ ತಣ್ಣಗಿತ್ತು.

ಅಂಗಡಿಗೆ ಫೋನ್ ಹಚ್ಚಿದಳು.

“ಪೆಟ್ಟಿಗಿ ಯಾರ ಹೆಸರಿಗೆ ಬರಸೀರಿ, ಅಕ್ಕಾರ?”

“ಯಜಮಾನ್ರ ಹೆಸರಿಗೆ. ನಮ್ಮನ್ಯಾಗ ಎಲ್ಲಾ ಅವರ ಹೆಸರಿಗೇ ಐತಿ.”

“ಅದು ಹೆಸರಿದ್ದವ್ರ ಮೈಯಿಂದನ ಬಿಸಿ ಎಳೀತೈತ್ರಿ.”

“ನನ್ನ ಹೆಸರಿಗೆ ಮಾಡ್ರಿ, ಈಗಿಂದೀಗ!”

“ಯಜಮಾನ್ರನ್ನ ಕರಕೊಂಡು ಬರ್ರಿ. ಅವರ ಹೆಬ್ಬೆಟ್ಟು ಬೇಕು.”

ಕಸ್ತೂರೆವ್ವ ಗಂಡನ ಕೈಯನ್ನು ತನ್ನ ಅಂಗೈಗಳ ನಡುವೆ ಹಿಡಿದು ಉಜ್ಜತೊಡಗಿದಳು. ಉಜ್ಜಿದಷ್ಟೂ ಪೆಟ್ಟಿಗೆಯ ಹಸಿರು ದೀಪ ಇನ್ನಷ್ಟು ಬೆಳಗಿತು.